ಮೇಲಿನ ಎಲ್ಲವೂ ಸರಿ

ಸ್ಟಾಫ್ ಮೀಟಿಂಗಿಗೆ ತಡವಾಗಿ ಹೋಗುವವರಿಗೆ ಎರಡು ನಷ್ಟ. ಒಂದು, ಬೋಂಡಾ ಖಾಲಿಯಾಗಿರುತ್ತದೆ. ಇನ್ನೊಂದು, ಯಾರಿಗೂ ಬೇಡವಾದ ಕೆಲಸ ಅವರ ಹೆಸರಿನ ಮುಂದೆ ಬಂದು ಕೂತಿರುತ್ತದೆ. 2020ರ ಅಕ್ಟೋಬರಿನಲ್ಲಿ ಮೀಟಿಂಗುಗಳೆಲ್ಲ ಮೊಬೈಲಿನಲ್ಲೇ ನಡೆಯುತ್ತಿದ್ದುದರಿಂದ ಬೋಂಡಾದ ಮಾತಿರಲಿಲ್ಲ; ಎರಡನೆಯ ನಷ್ಟ ಮಾತ್ರ ಇಡಿಯಾಗಿ ನನಗೆ ದಕ್ಕಿತು. ನಾನು ಒಳಗೆ ಬಂದು “ಸಾರ್, ನನ್ನ ದನಿ ಕೇಳಿಸ್ತಿದೆಯಾ?” ಎನ್ನುವಷ್ಟರಲ್ಲಿ ರಾಜ್ಯೋತ್ಸವದ ಆನ್‌ಲೈನ್ ಕ್ವಿಜ್‌ಗೆ ಪ್ರಶ್ನೆ ಬ್ಯಾಂಕ್ ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು.

“ನೀವು ಕನ್ನಡ ಮೇಷ್ಟ್ರು, ನಿಮಗೇನ್ರೀ ಕಷ್ಟ? ಒಂದು ಇನ್ನೂರು ಪ್ರಶ್ನೆ, ನಾಲ್ಕು ನಾಲ್ಕು ಆಯ್ಕೆ. ಒಬ್ಬೊಬ್ಬರಿಗೆ ಇಪ್ಪತ್ತು ಅಂತ ಕಂಪ್ಯೂಟರೇ ಆರಿಸಿ ಕೊಡುತ್ತೆ” ಎಂದರು ಪ್ರಿನ್ಸಿಪಾಲರು. ಅದು ಇ-ಸರ್ಟಿಫಿಕೇಟುಗಳ ಸುಗ್ಗಿಯ ಕಾಲ. ಊರಿಗೊಂದು ಕಾಲೇಜು, ಕಾಲೇಜಿಗೊಂದು ಕ್ವಿಜ್, ನೂರಕ್ಕೆ ನಲವತ್ತು ಬಂದರೆ ಮೇಲ್‌ನಲ್ಲಿ ಬಣ್ಣದ ಸರ್ಟಿಫಿಕೇಟ್. ನಾವೊಬ್ಬರೇ ಹಿಂದೆ ಬೀಳುವುದುಂಟೆ?

ಪ್ರಶ್ನೆ ಹುಟ್ಟಿಸುವುದೇ ಕಷ್ಟ ಎಂದುಕೊಂಡು ಕೂತೆ. ಪ್ರಶ್ನೆಗಳು, ಸರಿಯುತ್ತರಗಳು ಯಾವ ಗೈಡಿನಲ್ಲಾದರೂ ಸಿಗುತ್ತವೆ. ಎಲ್ಲೂ ಸಿಗದಿರುವುದು ತಪ್ಪು ಉತ್ತರ! ಇನ್ನೂರು ಪ್ರಶ್ನೆಗೆ ಆರುನೂರು ತಪ್ಪು ಬೇಕು, ಅದೂ ಸರಿಯಂತೆ ಕಾಣುವ ತಪ್ಪು. ಕನ್ನಡದ ಮೊದಲ ವಾಕ್ಚಿತ್ರ ಯಾವುದು? 1934ರ ‘ಸತಿ ಸುಲೋಚನಾ’. ಅದರ ಪಕ್ಕ ನಿಲ್ಲಿಸಲು ನನಗೆ ಹೊಳೆದದ್ದು ‘ಓಂ’, ‘ಮುಂಗಾರು ಮಳೆ’, ‘ಕೆಜಿಎಫ್’. ಹತ್ತನೇ ತರಗತಿಯ ಮಗಳಿಗೆ ತೋರಿಸಿದೆ. “ಅಪ್ಪಾ, ಇದು ಪ್ರಶ್ನೆನಾ, ಇಲ್ಲಾ ಸರ್ಟಿಫಿಕೇಟ್ ಹಂಚೋ ಸ್ಕೀಮಾ?” ಎಂದಳು. ರೋಷ ಬಂದು ‘ಭಕ್ತ ಧ್ರುವ’ ಸೇರಿಸಿದೆ. ಅದೂ 1934ರದೇ, ಚಿತ್ರೀಕರಣ ಶುರುವಾದದ್ದು ಅದರದ್ದೇ ಮೊದಲು, ತೆರೆ ಕಂಡದ್ದು ಆಮೇಲೆ. ಈಗ ಪ್ರಶ್ನೆ ಎಷ್ಟು ಗಟ್ಟಿಯಾಯಿತೆಂದರೆ ಮಾರನೆಯ ಬೆಳಿಗ್ಗೆ ಓದಿದಾಗ ನನಗೇ ಉತ್ತರದ ಬಗ್ಗೆ ಅನುಮಾನ ಹತ್ತಿತು.

ಮಗಳು ಇನ್ನೂ ಐವತ್ತು ಪ್ರಶ್ನೆ ಬಿಡಿಸಿ, ಎಲ್ಲಕ್ಕೂ ಸರಿಯುತ್ತರ ಕೊಟ್ಟಳು. ವಂಶದ ಬುದ್ಧಿ ಎಂದು ಬೀಗಿದೆ. “ನಂಗೇನೂ ಗೊತ್ತಿಲ್ಲಪ್ಪ, ಉದ್ದ ಇರೋದನ್ನ ಒತ್ತಿದೆ ಅಷ್ಟೆ” ಎಂದಳು. ನಿಜ. ಮೊದಲು ಜ್ಞಾನಪೀಠ ಪಡೆದ ಕನ್ನಡಿಗ ಯಾರು ಎಂಬುದಕ್ಕೆ ನನ್ನ ಆಯ್ಕೆಗಳು: ಬೇಂದ್ರೆ, ಮಾಸ್ತಿ, ‘ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯಕ್ಕೆ 1967ರಲ್ಲಿ ಪಡೆದ ರಾಷ್ಟ್ರಕವಿ ಕುವೆಂಪು’, ಕಾರಂತ. ಮೇಷ್ಟರ ಬಾಯಿ ಸರಿಯುತ್ತರ ಕಂಡೊಡನೆ ಪಾಠ ಶುರುಮಾಡುತ್ತದೆ. ಸಾಲದ್ದಕ್ಕೆ ಆ ಸರಿಯುತ್ತರ ಹೆಚ್ಚಿನ ಕಡೆ ‘ಸಿ’ಯಲ್ಲೇ ಬೀಡುಬಿಟ್ಟಿತ್ತು.

ಜಾಗ ಬದಲಿಸಿಕೊಡಲು ಬಂದವರು ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕರು. ವಯಸ್ಸಿನಲ್ಲಿ ನನ್ನ ಶಿಷ್ಯನಂತಿದ್ದರು, ತಾಳ್ಮೆಯಲ್ಲಿ ನನ್ನ ತಾತನಂತೆ. “ಶಫಲ್ ಆನ್ ಮಾಡಿದ್ರಾಯ್ತು ಸಾರ್, ಆಯ್ಕೆಗಳನ್ನ ಅದೇ ಅದಲುಬದಲು ಮಾಡುತ್ತೆ, ಚಿಂತೆ ಬಿಡಿ” ಎಂದರು. ಬಿಟ್ಟೆ. ಅದಲುಬದಲಾದ ಮೇಲೆ ನನಗೆ ಬಲು ಪ್ರಿಯವಾದ ‘ಮೇಲಿನ ಎಲ್ಲವೂ’ ಹಲವು ಕಡೆ ಮೊದಲನೆಯ ಸಾಲಿಗೆ ಬಂದಿತ್ತು. ಅದರ ಮೇಲಿದ್ದದ್ದು ಪ್ರಶ್ನೆ, ಪ್ರಶ್ನೆಯ ಮೇಲೆ ಕಾಲೇಜಿನ ಲಾಂಛನ. ಇನ್ನೊಂದು ಕಡೆ ‘ಎ ಮತ್ತು ಬಿ ಎರಡೂ’ ಎಂಬ ಆಯ್ಕೆ ತಾನೇ ಬಿ ಆಗಿತ್ತು. ಅದ್ವೈತದಲ್ಲಿ ಇದಕ್ಕೆ ಪರಿಹಾರ ಇರಬಹುದು, ತಂತ್ರಾಂಶದಲ್ಲಿ ಇರಲಿಲ್ಲ.

ಮುಂದಿನ ಗಂಡಾಂತರ ಅಕ್ಷರದ್ದು. ನಾನು ಟೈಪಿಸಿದ್ದು ಹಳೆಯ ‘ನುಡಿ’ ತಂತ್ರಾಂಶದಲ್ಲಿ, ಕ್ವಿಜ್‌ಗೆ ಬೇಕಾದದ್ದು ಯೂನಿಕೋಡ್. ಹಳೆಯ ಫಾಂಟು ಒಳಗೆ ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟುಕೊಂಡು ಮೇಲೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟು ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. ತಲೆಗೆ ಟೋಪಿ, ನೆತ್ತಿಗೆ ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳು ಪರದೆಯ ತುಂಬ ಮೆರವಣಿಗೆ ಹೊರಟಿದ್ದವು. “ಸಾರ್, ಇದು ಫ್ರೆಂಚಾ?” ಎಂದು ಉಪನ್ಯಾಸಕರು ವಿನಯದಿಂದ ಕೇಳಿದರು. ಪರಿವರ್ತಕಕ್ಕೆ ಹಾಕಿ ತೆಗೆದಾಗ ಕನ್ನಡವೇನೋ ಮರಳಿತು, ಆದರೆ ಅರ್ಕಾವತ್ತುಗಳು ಒಂದೊಂದು ಅಕ್ಷರ ಮುಂದಕ್ಕೆ ಜಿಗಿದಿದ್ದವು. ರಾಜ್ಯೋತ್ಸವಕ್ಕೆ ವಾರ ಇರುವಾಗ ನನ್ನ ಕಡತದಲ್ಲಿ ರಾಜ್ಯದ ಹೆಸರು ‘ಕನಾರ್ಟಕ’ ಎಂದಾಗಿತ್ತು.

“ಒಂದೊಂದಾಗಿ ಏರಿಸಬೇಡಿ ಸಾರ್, ಗಿಫ್ಟ್ ಅನ್ನೋ ಫಾರ್ಮ್ಯಾಟಿದೆ. ಅದರಲ್ಲಿ ಬರೆದುಕೊಟ್ರೆ ಇನ್ನೂರೂ ಒಂದೇ ಏಟಿಗೆ ಒಳಗೆ ಹೋಗುತ್ತವೆ” ಎಂದರು. ನಿಯಮ ಸರಳ. ಪ್ರಶ್ನೆ ಬರೆದು ಪುಷ್ಪಾವರಣ ಹಾಕಬೇಕು. ಒಳಗೆ ಸರಿಯುತ್ತರದ ಹಿಂದೆ ಸಮ ಚಿಹ್ನೆ, ತಪ್ಪು ಉತ್ತರಗಳ ಹಿಂದೆ ಹಾವಿನ ಮರಿಯಂಥ ಟಿಲ್ಡೆ. ಟಿಲ್ಡೆ ಕೀಬೋರ್ಡಿನ ಎಡ ಮೂಲೆಯಲ್ಲಿ ಎಸ್ಕೇಪಿನ ಕೆಳಗೆ ಅಡಗಿರುತ್ತದೆ. ನಡುರಾತ್ರಿ ಅದನ್ನು ಹುಡುಕುವ ಬೇಸರಕ್ಕೆ ಕೆಲವು ಕಡೆ ನಾಲ್ಕಕ್ಕೂ ಸಮ ಚಿಹ್ನೆಯನ್ನೇ ಕುಟ್ಟಿ ಮಲಗಿದೆ. ಯಂತ್ರ ಚಕಾರವೆತ್ತಲಿಲ್ಲ. ಎಲ್ಲ ಉತ್ತರಕ್ಕೂ ಸಮ ಚಿಹ್ನೆ ಇದ್ದರೆ ಅದು ಬಿಟ್ಟ ಸ್ಥಳ ತುಂಬುವ ಪ್ರಶ್ನೆಯೆಂದೂ, ಅಲ್ಲಿರುವ ಯಾವುದನ್ನು ಬರೆದರೂ ಸರಿಯೆಂದೂ ಅದು ತಿಳಿಯುತ್ತದಂತೆ.

ನಾನಾಗಿಯೇ ಸೇರಿಸಿದ್ದ ಬಿಟ್ಟ ಸ್ಥಳಗಳ ಕತೆ ತಿರುಗುಮುರುಗು. ‘ಕುವೆಂಪು’ ಎಂಬುದೊಂದೇ ಉತ್ತರ ಕೊಟ್ಟಿದ್ದೆ. ಮಕ್ಕಳು ‘ಶ್ರೀ ಕುವೆಂಪು’, ‘ಕೆ.ವಿ. ಪುಟ್ಟಪ್ಪ’, ‘ರಾಷ್ಟ್ರಕವಿ ಕುವೆಂಪು ಅವರು’ ಎಂದೆಲ್ಲ ಬರೆದರು. ಗೌರವ ಕೊಟ್ಟವರಿಗೆಲ್ಲ ಸೊನ್ನೆ, ಏಕವಚನದಲ್ಲಿ ಕರೆದವರಿಗಷ್ಟೇ ಅಂಕ.

ನವೆಂಬರ್ 1ರ ಬೆಳಿಗ್ಗೆ ಕ್ವಿಜ್ ತೆರೆಯಿತು, ಜೊತೆಗೆ ವಾಟ್ಸಾಪೂ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗ ಎಂದು ನಾನಿಟ್ಟಿದ್ದರೆ, ಶ್ರೀವಿಜಯನಿಗೆ ಅನ್ಯಾಯವಾಗಿದೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನದೇ ಪಾಠದ ನೋಟ್ಸಿನ ಫೋಟೊ ಹಾಕಿದ. ಕನ್ನಡದ ಮೊದಲ ಶಾಸನ ಹಲ್ಮಿಡಿ ಎಂದದ್ದಕ್ಕೆ ಶಿವಮೊಗ್ಗದ ಕಡೆಯ ಹುಡುಗರು ತಾಳಗುಂದದ ಸಿಂಹಕಟಾಂಜನ ಶಾಸನ ಹಿಡಿದು ಏರಿಬಂದರು. ನಾನು ಧೈರ್ಯವಾಗಿದ್ದೆ. ಸೂಚನೆಗಳ ಕೊನೆಗೆ ದಪ್ಪಕ್ಷರದಲ್ಲಿ ಹಾಕಿದ್ದೆನಲ್ಲ: ‘ಪ್ರಶ್ನೆಗಳನ್ನು ವಿಷಯ ತಜ್ಞರು ಸಿದ್ಧಪಡಿಸಿರುತ್ತಾರೆ. ತಜ್ಞರ ತೀರ್ಮಾನವೇ ಅಂತಿಮ.’ ಪ್ರತಿ ತಕರಾರಿಗೂ ಅದನ್ನೇ ನಕಲು ಮಾಡಿ ಅಂಟಿಸಿದೆ.

ನಾನು ಹೆದರಿದ್ದು ಬೇರೆ ಪ್ರಶ್ನೆಗೆ: ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು? 1947ರ ಲೆಕ್ಕ ಹಿಡಿದರೆ ಕೆ.ಸಿ. ರೆಡ್ಡಿ, 1956ರ ಏಕೀಕರಣ ಹಿಡಿದರೆ ನಿಜಲಿಂಗಪ್ಪ, 1973ರಲ್ಲಿ ಹೆಸರು ಬದಲಾದದ್ದನ್ನು ಹಿಡಿದರೆ ದೇವರಾಜ ಅರಸು. ಮೂರು ಬಣಗಳ ಯುದ್ಧಕ್ಕೆ ಸಿದ್ಧನಾಗಿ ಕೂತೆ. ಒಂದು ತಕರಾರೂ ಬರಲಿಲ್ಲ. ನೋಡಿದರೆ, ನಾಲ್ಕಕ್ಕೂ ಸಮ ಚಿಹ್ನೆ ಕುಟ್ಟಿದ್ದು ಅದರಲ್ಲೇ! ಯಾರ ಹೆಸರು ಬರೆದವರಿಗೂ ಪೂರ್ತಿ ಅಂಕ. ಜಾಗ ತುಂಬಲೆಂದು ಹಾಕಿದ್ದ ನಾಲ್ಕನೆಯ ಹೆಸರು ಡಾ. ರಾಜ್‌ಕುಮಾರ್ ಅವರದು. ಅದನ್ನು ಬರೆದವನೊಬ್ಬನಿದ್ದ, ಅವನಿಗೂ ಅಂಕ ಬಂದಿತ್ತು. ಆ ದಿನ ಸರ್ವಸಮ್ಮತವಾದ ಪ್ರಶ್ನೆ ಅದೊಂದೇ.

ಸಂಜೆ ಉಪನ್ಯಾಸಕರು ವರದಿ ತೆರೆದರು. ಪ್ರತಿ ಪ್ರಶ್ನೆಯ ಮುಂದೆ ಎಷ್ಟು ಜನ ಸರಿ ಮಾಡಿದರು ಎಂಬ ಲೆಕ್ಕ. ಪಕ್ಕದಲ್ಲಿ, ಒಟ್ಟಾರೆ ಚೆನ್ನಾಗಿ ಮಾಡಿದವರು ಮತ್ತು ಮಾಡದವರ ನಡುವೆ ಅದು ಎಷ್ಟು ವ್ಯತ್ಯಾಸ ತೋರಿಸುತ್ತದೆ ಎಂಬ ಇನ್ನೊಂದು ಅಂಕಿ. ಒಂದರ ಮುಂದೆ ಮೈನಸ್ ಇತ್ತು.

“ಇದೇನು?”

“ಜಾಣರೆಲ್ಲ ತಪ್ಪು, ಹಿಂದಿನ ಬೆಂಚಿನವರೆಲ್ಲ ಸರಿ ಅಂತ ಅರ್ಥ ಸಾರ್.”

“ಅಂದ್ರೆ ಪ್ರಶ್ನೆ ಬಹಳ ಆಳವಾಗಿದೆ!”

“ಇಲ್ಲ ಸಾರ್. ಹೀಗೆ ಬಂದ್ರೆ ಸಾಮಾನ್ಯವಾಗಿ ನಾವಿಟ್ಟ ಉತ್ತರವೇ ತಪ್ಪಿರುತ್ತೆ.”

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷ ಯಾವುದು? ಕನ್ನಡ ಮೇಷ್ಟ್ರು ಇಟ್ಟ ಉತ್ತರ: 1956.

ತಕ್ಷಣ ತಿದ್ದಿದೆ. ಆದರೆ ಎಲ್ಲಿ? ಪ್ರಶ್ನೆಗಳನ್ನು ಸಾಹಿತ್ಯ, ಇತಿಹಾಸ, ಭೂಗೋಳ ಎಂದು ವಿಂಗಡಿಸಿಡಿ ಎಂದು ಉಪನ್ಯಾಸಕರು ಮೊದಲೇ ಹೇಳಿದ್ದರು. ನನ್ನ ವಿಂಗಡಣೆ ‘ಹೊಸದು’, ‘ಹೊಸದು ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಎಂದಿತ್ತು. ಒಂದೇ ಪ್ರಶ್ನೆ ಮೂರು ಕಡೆ ಇದ್ದರೆ ಕಂಪ್ಯೂಟರಿಗೆ ಅವು ಮೂರು ಪ್ರಶ್ನೆ. ಒಬ್ಬ ಹುಡುಗನಿಗೆ ಇಪ್ಪತ್ತರಲ್ಲಿ ಮೂರು ಸಲ ಅದೇ ಬಂದಿತ್ತು. ಅವನು ಮೂರಕ್ಕೂ ಬೇರೆಬೇರೆ ಉತ್ತರ ಕೊಟ್ಟಿದ್ದ. ಯಾಕೋ ಎಂದರೆ, “ಒಂದಾದ್ರೂ ಸರಿ ಇರ್ಲಿ ಅಂತ ಸಾರ್” ಎಂದ. ಪರೀಕ್ಷಾ ತಂತ್ರ ಎಂದರೆ ಅದು.

ಪ್ರಶ್ನೆ ಬ್ಯಾಂಕನ್ನು ಒಮ್ಮೆ ಮಾಡಿ ಬೀಗ ಹಾಕುವಂತಿಲ್ಲ ಎಂಬುದೂ ಕ್ರಮೇಣ ತಿಳಿಯಿತು. ರಾಜ್ಯದಲ್ಲಿ 30 ಜಿಲ್ಲೆ ಎಂದು ಬರೆದಿಟ್ಟರೆ ಮರುವರ್ಷವೇ ವಿಜಯನಗರ ಸೇರಿ 31 ಆಯಿತು. ರೇಷ್ಮೆಗೆ ಹೆಸರಾದ ರಾಮನಗರ ಜಿಲ್ಲೆ ಎಂದು ಬರೆದಿಟ್ಟರೆ 2025ರಲ್ಲಿ ಅದು ಬೆಂಗಳೂರು ದಕ್ಷಿಣವಾಯಿತು. ಸರ್ಕಾರ ತನ್ನ ಪಾಡಿಗೆ ಆಳುತ್ತಿದ್ದರೂ ನನ್ನ ಉತ್ತರಗಳು ತಮ್ಮಷ್ಟಕ್ಕೆ ತಪ್ಪಾಗುತ್ತಿದ್ದವು.

ಇಷ್ಟಾದರೂ ನನ್ನ ಬ್ಯಾಂಕಿಗೆ ಬೇಡಿಕೆ ಕುಗ್ಗಲಿಲ್ಲ. ಗೆಳೆಯರು ಕೇಳಿದರು, ಗೆಳೆಯರ ಗೆಳೆಯರು ಕೇಳಿದರು. ಕೈಗೆ ಸಿಕ್ಕ ಫೈನಲ್ ಕಳಿಸಿದೆ. ಒಂದು ರಾಜ್ಯೋತ್ಸವಕ್ಕೆ ಯಾವುದೋ ಊರಿನ ಸಂಘವೊಂದರ ಕ್ವಿಜ್ ಲಿಂಕ್ ನನ್ನ ಫೋನಿಗೇ ಬಂತು. ಸುಮ್ಮನೆ ಒತ್ತಿದೆ. ಮೊದಲ ಸಾಲಿನಲ್ಲೇ ‘ಮೇಲಿನ ಎಲ್ಲವೂ’ ಕಂಡಾಗ ಮೈ ಜುಮ್ಮೆಂದಿತು. ಮುಂದೆ ಸಿಕ್ಕಿತು: ಕರ್ನಾಟಕ ಎಂಬ ಹೆಸರು ಬಂದ ವರ್ಷ? ಈ ಸಲ ಎಚ್ಚರದಿಂದ 1973 ಒತ್ತಿದೆ. ಕೆಂಪು ಗುರುತು. ‘ಸರಿಯುತ್ತರ: 1956.’

ಸಂಘಟಕರಿಗೆ ದಾಖಲೆ ಸಮೇತ ದೀರ್ಘವಾದ ತಕರಾರು ಬರೆದೆ. ನಾನು ಕನ್ನಡ ಉಪನ್ಯಾಸಕ ಎಂದೂ ಸೇರಿಸಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: ‘ಪ್ರಶ್ನೆಗಳನ್ನು ವಿಷಯ ತಜ್ಞರು ಸಿದ್ಧಪಡಿಸಿರುತ್ತಾರೆ. ತಜ್ಞರ ತೀರ್ಮಾನವೇ ಅಂತಿಮ.’