ಹಿಂದಿನ ಸೀಟಿನ ಅಹವಾಲು

ಮೋಟಾರ್ ಸೈಕಲ್ಲಿನಲ್ಲಿ ಊರೂರು ಸುತ್ತುವ ಗಂಡಸರು ವರ್ಣಿಸುವುದೆಲ್ಲ ಮುಂದಿನ ಸೀಟಿನ ಲೋಕವನ್ನು: ಗಾಳಿ, ತಿರುವು, ಘಾಟಿ, ಮಂಜು. ಹಿಂದೆ ಕೂತವರಿಗೆ ಚಾರ್ಮಾಡಿಯಾದರೇನು, ಆಗುಂಬೆಯಾದರೇನು, ಕಾಣುವುದು ಗಂಡನ ಹೆಲ್ಮೆಟ್ಟಿನ ಹಿಂಭಾಗ. ಬ್ರೇಕ್ ಹಾಕಿದಾಗ ಆ ದೃಶ್ಯ ಇನ್ನಷ್ಟು ಹತ್ತಿರವಾಗುತ್ತದೆ, ಅಷ್ಟೆ.

ಮೊದಲು ಸೀಟಿನಲ್ಲಿ ಮುಂದೆ-ಹಿಂದೆ ಎಂಬ ಭೇದವಿರಲಿಲ್ಲ. ಮೈಸೂರಿನಲ್ಲಿ 1961ರಿಂದ ತಯಾರಾಗುತ್ತಿದ್ದ ಜಾವಾಕ್ಕೂ ಆಮೇಲೆ ಅದೇ ಕಾರ್ಖಾನೆಯಿಂದ ಬಂದ ಯೆಜ್ಡಿಗೂ ಉದ್ದಕ್ಕೆ ಒಂದೇ ಸೀಟು. ಅಪ್ಪ, ಅಮ್ಮ, ನಡುವೆ ಒಂದು ಮಗು, ಟ್ಯಾಂಕಿನ ಮೇಲೆ ಇನ್ನೊಂದು. ಇಡೀ ರೇಷನ್ ಕಾರ್ಡು ನಂಜನಗೂಡಿನ ತೇರಿಗೆ ಹೋಗಿಬರುತ್ತಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗಿನ ಎಷ್ಟೋ ಗಾಡಿಗಳಲ್ಲಿ ಮುಂದೆ ಸಿಂಹಾಸನ, ಹಿಂದೆ ಬಿಡದಿಯ ತಟ್ಟೆ ಇಡ್ಲಿಯಷ್ಟಗಲದ ಒಂದು ಸೀಟು. ಮೆತ್ತಗಿರುವುದರಲ್ಲಿ ಮಾತ್ರ ಅದು ಇಡ್ಲಿಗೆ ಸಮವಲ್ಲ.

ನಮ್ಮ ಬುಲೆಟ್ಟಿನ ವಿಷಯದಲ್ಲಿ ತೀರ್ಪು ಬಂದದ್ದು ಸಕಲೇಶಪುರದ ಹತ್ತಿರ. "ರೀ, ಇನ್ನು ಮುಂದೆ ನೀವು ಗಾಡೀಲಿ ಬನ್ನಿ, ನಾನು ಕೆಂಪು ಬಸ್ಸಲ್ಲಿ ಬರ್ತೀನಿ."

ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಸೀಟು ಹೊಲಿಯುವ ಭಾಯ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೆಂಡತಿಯನ್ನು ಹಿಂದೆ ಕೂರಿಸಿ, "ಎಲ್ಲಿ ನೋಯುತ್ತಮ್ಮಾ?" ಎಂದರು. ಮಂಡಿ ಎಂದಳು. ಹಾಗಿದ್ದರೆ ಬರೀ ಫೋಮ್ ತುಂಬಿ ಪ್ರಯೋಜನವಿಲ್ಲವಂತೆ. ಸೀಟು ಎತ್ತರಿಸಿದರೆ ಮಂಡಿಗೆ ಬಿಡುವು ಸಿಗುತ್ತದೆ, ಆದರೆ ಕೂತವರ ತಲೆ ಓಡಿಸುವವನ ತಲೆಗಿಂತ ಮೇಲೆ ಹೋಗಿ ಗಾಳಿಯೆಲ್ಲ ಮುಖಕ್ಕೆ. ಸ್ವಲ್ಪ ಎತ್ತರಿಸಿ, ಫುಟ್‌ರೆಸ್ಟ್ ಸ್ವಲ್ಪ ಇಳಿಸಿ, ಮಿಕ್ಕಿದ್ದಕ್ಕೆ ಮುಂದಿನ ಸೀಟಿನ ಹಿಂಬದಿ ಕೊರೆಯಬೇಕು.

"ನನ್ನ ಸೀಟು ಯಾಕೆ?" ಎಂದೆ.

"ಜಾಗ ಇನ್ನೆಲ್ಲಿಂದ ಬರುತ್ತೆ ಸಾರ್?"

ಹೆಂಡತಿಗೆ ಅವರ ಮೇಲೆ ಅಪಾರ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ.

ಬೆನ್ನಿಗೆ ಒತ್ತುತ್ತಿದ್ದ ಲಗೇಜ್ ಬಾಕ್ಸನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿಬಿಡಿ ಎಂದು ನಾನು ಉದಾರವಾಗಿ ಸೂಚಿಸಿದೆ. ಭಾಯ್ ಅದಕ್ಕೂ ಒಪ್ಪಲಿಲ್ಲ. ಭಾರ ಹಿಂದಿನ ಚಕ್ರದ ಅಚ್ಚನ್ನು ದಾಟಿ ಆಚೆ ಹೋದಷ್ಟೂ ಮುಂದಿನ ಚಕ್ರ ಹಗುರಾಗಿ, ವೇಗದಲ್ಲಿ ಹ್ಯಾಂಡಲ್ ತೂಗಾಡುತ್ತದೆ. ಎರಡಿಂಚು ಸಾಕು, ಭಾರದ ಸಾಮಾನೆಲ್ಲ ಪಕ್ಕದ ಚೀಲಕ್ಕೆ ಎಂದರು. ಚಾಸಿಗೆ ವೆಲ್ಡಿಂಗ್ ಮಾಡಿ ಗಾಡಿ ಉದ್ದ ಮಾಡಿಕೊಡುವವರೂ ಇದ್ದಾರೆ. ಆದರೆ ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಆ ದಾರಿಗೆ ಹೋಗದಿರುವುದು ಲೇಸು.

ಕಾನೂನು ಹಿಂದಿನ ಸೀಟಿನವರನ್ನು ಪೂರ್ತಿ ಮರೆತಿಲ್ಲ ಅನ್ನಿ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದಿನವರಿಗೆ ಕೈಹಿಡಿ, ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಾದರೂ ಮರೆ ಇರಲೇಬೇಕು. ಹುಡುಗರು ಗಾಡಿ ತಂದ ದಿನವೇ ಅಂದಗೆಡುತ್ತದೆಂದು ಬಿಚ್ಚಿಸುವ ಸೀರೆ ಗಾರ್ಡ್ ಇದೇ. ಸೆರಗಿನ ಬಗ್ಗೆ ಇಷ್ಟು ಯೋಚಿಸಿದವರು ಮಂಡಿಯ ಬಗ್ಗೆಯೂ ಒಂದು ಸಾಲು ಬರೆಯಬಹುದಿತ್ತು.

ದೊಡ್ಡವರ ಮನೆಯಲ್ಲೂ ಇದೇ ಕಥೆ. ಹೋಂಡಾದ ಗೋಲ್ಡ್ ವಿಂಗ್ 1,833 ಸಿಸಿಯ ಗಾಡಿ, ದೂರ ಪ್ರಯಾಣಕ್ಕೆಂದೇ ಮಾಡಿದ್ದು. 2018ರಲ್ಲಿ ಅದರ ತೂಕ ಇಳಿಸಿ ತೆಳ್ಳಗೆ ಮಾಡಿದರು. 2021ರಲ್ಲಿ ಟೂರ್ ಮಾದರಿಯ ಹಿಂದಿನ ಒರಗುಹಲಗೆಯ ಓರೆ 17 ಡಿಗ್ರಿಯಿಂದ 24.5ಕ್ಕೆ ಏರಿತು, ಡಿಕ್ಕಿ 50 ಲೀಟರಿನಿಂದ 61ಕ್ಕೆ ಹಿಗ್ಗಿತು. ಹಿಂದಿನ ಸೀಟಿನ ಗೊಣಗಾಟ ಜಪಾನಿಗೂ ಕೇಳಿಸುತ್ತದೆಂದು ನನ್ನ ಗುಮಾನಿ.

ನಮ್ಮ ಸೀಟೂ ತಯಾರಾಯಿತು. ಮಂಡಿ ನೋವಿಲ್ಲ, ಬೆನ್ನಿಗೆ ಆಸರೆಯಿದೆ, ಬಸ್ಸಿನ ಮಾತು ನಿಂತಿದೆ. ಒಂದೇ ತೊಂದರೆ: ಎತ್ತರ ಹೆಚ್ಚಿದ ಮೇಲೆ ಹೆಂಡತಿಗೆ ನನ್ನ ಭುಜದ ಮೇಲಿಂದ ಸ್ಪೀಡೋಮೀಟರ್ ಕಾಣುತ್ತದೆ. ಅರವತ್ತು ದಾಟಿದರೆ ಭುಜಕ್ಕೆ ಒಂದು ತಟ್ಟು.

ನೀವೂ ಸೀಟು ಮಾಡಿಸುವವರಾದರೆ, ಮೊದಲು ಬೇರೆಯವರ ಕೈಗೆ ಹ್ಯಾಂಡಲ್ ಕೊಟ್ಟು ನಿಮ್ಮ ಗಾಡಿಯ ಹಿಂದೆ ನೀವೇ ಕೂತು ಕುಣಿಗಲ್ಲಿಗೆ ಹೋಗಿಬನ್ನಿ. ಅಷ್ಟು ದೂರ ಆಗದಿದ್ದರೆ ನೆಲಮಂಗಲವೂ ಸಾಕು.