ಹದಿನಾಲ್ಕು ಬಸಪ್ಪ, ಒಂದು ಪೆನ್‌ಡ್ರೈವ್

ಅಂಗಡಿಯವರ ಖರೇ ಸಂಕಟ ತಿಳಿಯಬೇಕಾದರೆ ಅಂಗಡಿಗೆ ಹೋಗಬಾರದು, ಹಿತ್ತಲಿಗೆ ಹೋಗಬೇಕು. ಗಾದಿ ಮೇಲೆ ಕುಳಿತ ಸಾವಕಾರ "ಎಲ್ಲಾ ಆರಾಮ್ರಿ, ದೇವ್ರು ಚಲೋ ಇಟ್ಟಾನ" ಎನ್ನುತ್ತಾನೆ. ಅದೇ ಮನುಷ್ಯ ಸಂಜೆ ಬನಿಯನ್ ಮೇಲೆ ಬೇಲಿಗೆ ಬಂದು ನಿಂತನೆಂದರೆ ಲಾಭ-ಲುಕ್ಸಾನು ಎರಡೂ ಹೊರಬೀಳುತ್ತವೆ. ನಮ್ಮ ಕುಪ್ಪೇಲೂರಿನ ಬೇಲಿಗಳು ಅದಕ್ಕೆ ಅನುಕೂಲವಾಗಿಯೇ ಇವೆ. ಆಳೆತ್ತರದ ಕಾಂಪೌಂಡ್ ಕಟ್ಟಿಸಿಕೊಂಡವರ ಸುದ್ದಿ ಮಾತ್ರ ನಮಗೆ ಸ್ವಲ್ಪ ತಡವಾಗಿ, ಅಂದರೆ ಒಂದರ್ಧ ತಾಸು ತಡವಾಗಿ, ಮುಟ್ಟುತ್ತದೆ.

ಬಗಲಿನ ಮನೆಯ ಕಾಕಾನದು ಬೀಜ-ಗೊಬ್ಬರದ ಅಂಗಡಿ. ಸುತ್ತಲಿನ ಹಳ್ಳಿಯವರು ರಾಣೇಬೆನ್ನೂರಿನ ಬಸ್ ಹತ್ತುವ ಮೊದಲು ಒಮ್ಮೆ ಇಲ್ಲಿ ದರ ಕೇಳಿಯೇ ಹೋಗುತ್ತಾರೆ. ಮಿರಗದ ಮಳೆ ಕೂಡಿತೆಂದರೆ ಗೋವಿನಜೋಳದ ಬೀಜ, ಡಿಎಪಿ, ಯೂರಿಯಾ ಎಂದು ಕಟ್ಟೆ ತುಂಬ ಮಂದಿ. ಕಂಪ್ಯೂಟರಿಗೆ ಮುನಿಸು ಬರುವುದೂ ಅದೇ ಹೊತ್ತಿಗೆ. ನಾನು ನಾಕು ಅಂಗಡಿಯ ಲೆಕ್ಕ ಬರೆದು ಹೊಟ್ಟೆ ಹೊರೆಯುವವನಾದ್ದರಿಂದ ದೂರು ನೇರ ನನ್ನ ಕಡೆಗೇ ಬಂತು.

"ತಮ್ಮಾ, ಈ ಟ್ಯಾಲಿಗೆ ಮುಪ್ಪು ಬಂದೈತಿ ನೋಡು. ಹೆಸರು ಒತ್ತಿ ಚಾ ಕುಡದು ಬಂದ್ರೂ ಇನ್ನೂ ಹುಡಕತಿರತೈತಿ. ಅಮೆರಿಕಾದವ್ರು ಮಾಡಿದ್ದು, ನಮ್ಮ ಉದ್ರಿ ಅದಕ್ಕ ಹೆಂಗ ತಿಳೀಬೇಕು?"

"ಅಮೆರಿಕಾ ಎಲ್ಲೀದು ಕಾಕಾ, ಅದು ಬೆಂಗಳೂರಿನ ಸರಕು."

ಕಾಕಾ ನಂಬಲಿಲ್ಲ. ಹೇಳಬೇಕಾಯಿತು. ಶ್ಯಾಮಸುಂದರ ಗೋಯೆಂಕಾ ಎಂಬ ವ್ಯಾಪಾರಸ್ಥರು ಗಿರಣಿ-ಕಾರ್ಖಾನೆಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಎಲ್ಲೂ ಸಿಗದೆ, ಗಣಿತ ಓದಿದ ಮಗ ಭರತ್‌ಗೆ "ನೀನೇ ಬರಿ" ಎಂದರು. 1986ರಲ್ಲಿ ಅಪ್ಪ-ಮಗ ಕೂಡಿ ಪ್ಯೂಟ್ರಾನಿಕ್ಸ್ ಎಂಬ ಕಂಪನಿ ಶುರು ಮಾಡಿದರು. 1999ರಲ್ಲಿ ಅದು ಟ್ಯಾಲಿ ಸಲ್ಯೂಷನ್ಸ್ ಆಯಿತು. ಮಗನಿಗೆ 2020ರಲ್ಲಿ ಪದ್ಮಶ್ರೀಯೂ ಬಂತು.

"ನಮ್ಮ ಮಗನೂ ಗಣಿತಾನ ಓದ್ಯಾನಪಾ. ಕ್ರಿಕೆಟ್ ಸ್ಕೋರ್ ಬಿಟ್ರ ಬ್ಯಾರೆ ಏನೂ ಕೂಡಸೂದಿಲ್ಲ" ಎಂದರು ಕಾಕಾ.

ಗೋಯೆಂಕಾ ಅಪ್ಪ-ಮಗ ಮಾಡಿದ ದೊಡ್ಡ ಉಪಕಾರ ಬೇರೆಯೇ ಇದೆ. ಅದಕ್ಕೂ ಮೊದಲಿನ ಲೆಕ್ಕದ ಸಾಫ್ಟ್‌ವೇರ್‌ಗಳಲ್ಲಿ ಪ್ರತಿ ಖಾತೆಗೂ ಒಂದು ಕೋಡ್ ನಂಬರು ಇರುತ್ತಿತ್ತು. ಯಾರ ನಂಬರು ಯಾವುದು ಎಂಬುದನ್ನು ಗುಮಾಸ್ತ ಬಾಯಿಪಾಠ ಮಾಡಬೇಕಿತ್ತು. ಟ್ಯಾಲಿ ಆ ಕೋಡನ್ನೇ ಕಿತ್ತು ಹಾಕಿತು. ಅಂಗಡಿಯವನು ಬಾಯಲ್ಲಿ ಕರೆಯುವ ಹೆಸರನ್ನೇ ಒತ್ತಿದರೆ ಆಯಿತು. ದೇಶದ ತುಂಬ ಸಣ್ಣ ವ್ಯಾಪಾರಸ್ಥರು ಅದನ್ನು ಅಪ್ಪಿಕೊಂಡದ್ದು ಈ ಸರಳತನಕ್ಕೇ ಎಂದು ನನ್ನ ಅಂದಾಜು. ಆದರೆ ಬೆಂಗಳೂರಿನಲ್ಲಿ ಕುಳಿತವರಿಗೆ ಕುಪ್ಪೇಲೂರಿನ ಹೆಸರುಗಳ ಬಡತನ ಎಲ್ಲಿ ಗೊತ್ತಿರಬೇಕು?

ನಮ್ಮಲ್ಲಿ ಬಸಪ್ಪ, ನಾಗಪ್ಪ, ಹನುಮಂತಪ್ಪ, ಇಷ್ಟರಲ್ಲಿ ಅರ್ಧ ಊರು ಮುಗಿಯಿತು. ದೇವರಗುಡ್ಡ ಹತ್ತಿರ ಇರುವುದರಿಂದ ಮಾಲತೇಶ ಎಂದು ಕೂಗಿದರೆ ಓಣಿಯಲ್ಲಿ ನಾಲ್ಕು ಬಾಗಿಲು ತೆರೆಯುತ್ತವೆ. ಅಡ್ಡಹೆಸರಿನಿಂದ ಗುರುತು ಹಿಡಿಯೋಣವೆಂದರೆ ನಮ್ಮ ಕಡೆ ಊರ ಹೆಸರೇ ಅಡ್ಡಹೆಸರು. ಹುಬ್ಬಳ್ಳಿಗೆ ಹೋಗಿ ನೆಲೆಸಿದವನಿಗೆ 'ಕುಪ್ಪೇಲೂರ' ಎಂಬುದು ಗುರುತಾದೀತು, ಊರಲ್ಲೇ ಕುಳಿತವನಿಗೆ ಅದರಿಂದೇನು ಬಂತು?

ಕಾಕಾನ ಕಂಪ್ಯೂಟರಿನಲ್ಲಿ 'ಬಸಪ್ಪ' ಇದ್ದಾನೆ, 'ಬಸಪ್ಪ ಹೊಸಾದು' ಇದ್ದಾನೆ, 'ಬಸಪ್ಪ ಟ್ರ್ಯಾಕ್ಟರ್' ಇದ್ದಾನೆ, 'ಬಸಪ್ಪ ಕೆಂಪ ಬೈಕ್' ಇದ್ದಾನೆ. ಹುಡುಗರು ಇಂಗ್ಲಿಷಿನಲ್ಲಿ ಒತ್ತುವಾಗ ಒಮ್ಮೆ ಎರಡು 'ಪಿ', ಒಮ್ಮೆ ಒಂದೇ 'ಪಿ', ಅವಸರವಿದ್ದರೆ ಬರೀ 'ಬಸು'. ಎಲ್ಲಾ ಕೂಡಿ ಹದಿನಾಲ್ಕು ಬಸಪ್ಪಗಳಾಗಿದ್ದಾರೆ. ಖರೇ ಮಂದಿ ಬಹುಶಃ ಐದು. ಕೆಂಪು ಬೈಕಿನವನು ಬೈಕ್ ಮಾರಿ ಎಷ್ಟೋ ದಿನವಾಯಿತು. ಅವನು ಒಯ್ದ ಡಿಎಪಿ ಒಂದು ಖಾತೆಯಲ್ಲಿ, ಸುಗ್ಗಿಯಾದ ಮೇಲೆ ಕೊಟ್ಟ ರೊಕ್ಕ ಇನ್ನೊಂದರಲ್ಲಿ. ಒಂದು ಕಡೆ ಬಾಕಿದಾರ, ಇನ್ನೊಂದು ಕಡೆ ಅಂಗಡಿಯೇ ಅವನಿಗೆ ಕೊಡಬೇಕಾದದ್ದು. ಅವನಿಗೆ ಬಾಕಿ ಕೇಳಲು ಹೋದರೆ ಜಗಳ, ಕೇಳದಿದ್ದರೆ ನಷ್ಟ.

"ಕಾಕಾ, ಮಷಿನ್ನು ತಡಾ ಮಾಡಾಕತ್ತಿಲ್ಲ. ಹದಿನಾಲ್ಕರಾಗ ಯಾವ ಬಸಪ್ಪ ಅಂತ ನೀವು ಹುಡಕೂದ್ರಾಗ ತಡಾ ಆಗಾಕತ್ತೈತಿ."

ಅಂಗಡಿಯಲ್ಲಿ ಹಾಳಾಗುವ ಹೊತ್ತಿನ ದೊಡ್ಡ ಪಾಲು ಇಲ್ಲೇ ಹೋಗುತ್ತದೆ. ಮಂದಿ ಮಾತ್ರ ಹೊಸ ಕಂಪ್ಯೂಟರಿನ ದರ ಕೇಳುತ್ತಾರೆ. ಹೆಸರು, ಹಳ್ಳಿ, ಮೊಬೈಲಿನ ಕೊನೆಯ ನಾಲ್ಕು ಅಂಕಿ: ಈ ಮೂರನ್ನು ಕೂಡಿಸಿ ಖಾತೆ ತೆರೆದರೆ ಬಸಪ್ಪ ಬಸಪ್ಪನಾಗಿಯೇ ಉಳಿಯುತ್ತಾನೆ. ಊರವರು ಕರೆಯುವ ಹೆಸರನ್ನು ಅಲಿಯಾಸ್ ಎಂದು ಬರೆದಿಡಲು ಟ್ಯಾಲಿಯಲ್ಲೇ ಜಾಗ ಉಂಟು. ಇಬ್ಬರಾಗಿ ಒಡೆದವನನ್ನು ಒಬ್ಬನನ್ನಾಗಿ ಮಾಡಲು ಒಂದು ಜರ್ನಲ್ ಎಂಟ್ರಿ ಹಾಕಿ ಬಾಕಿಯನ್ನು ಒಂದೇ ಖಾತೆಗೆ ಸರಿಸಬೇಕು. ಬೇಸಿಗೆಯಲ್ಲಿ, ಗಿರಾಕಿ ಕಡಿಮೆ ಇದ್ದಾಗ, ಕುಂತು ಮಾಡುವ ಕೆಲಸ. ಮಿರಗದಲ್ಲಿ ಮಾಡಲು ಹೋದರೆ ಹದಿನೈದನೇ ಬಸಪ್ಪ ಹುಟ್ಟುತ್ತಾನೆ.

ಇಷ್ಟಾಗಿ ಮಷಿನ್ನು ಪೂರ್ತಿ ನಿರಪರಾಧಿ ಏನಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಂದಿನಿಂದ ಇಂದಿನವರೆಗಿನ ಲೆಕ್ಕವೆಲ್ಲ ಟ್ಯಾಲಿ 'ಕಂಪನಿ' ಎಂದು ಕರೆಯುವ ಒಂದೇ ಕಟ್ಟಿನಲ್ಲಿ ತುಂಬಿದೆ. ಹಳೆಯ ವರ್ಷಗಳನ್ನು ಬೇರೆ ಮಾಡಲು ಸ್ಪ್ಲಿಟ್ ಎಂಬ ಸೌಕರ್ಯವಿದೆ. ಮೊದಲು ಬ್ಯಾಕಪ್ ತೆಗೆದು, ತಪ್ಪಿದ್ದರೆ ತಿದ್ದಿ, ಆಮೇಲೆ ಒಡೆಯಬೇಕು. ತಿರುಗುವ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿಸಿದರೆ ಅದೇ ಕಂಪ್ಯೂಟರು ಎದ್ದು ಓಡುತ್ತದೆ. ಯುಪಿಎಸ್‌ನ ಬ್ಯಾಟರಿ ಸಾಯಲು ಬಂದಿದೆ, ಅದರ ಮೇಲೀಗ ಊದಿನಕಡ್ಡಿಯ ಗೂಡು ಇದೆ. ಅದು ಪೂರ್ತಿ ಸತ್ತ ಮೇಲೆ ಎಂಟ್ರಿ ಹಾಕುತ್ತಿರುವಾಗ ಕರೆಂಟು ಹೋದರೆ ಡೇಟಾ ಕೆಡುವುದು ಹೀಗೆಯೇ. ಇದನ್ನೆಲ್ಲ ಹೇಳಿದರೆ ಕಾಕಾ ಆಕಾಶ ನೋಡಿದರು. ಖರ್ಚಿನ ಮಾತು ಬಂದಾಗ ನಮ್ಮ ಕಡೆ ಎಲ್ಲರೂ ಮೋಡ ನೋಡುತ್ತಾರೆ.

"ಅದಿರಲಿ, ಬ್ಯಾಕಪ್ ಐತಿಲ್ಲೋ?"

"ಐತಲ್ಲ! ಗಲ್ಲಾದಾಗ ಲಕ್ಷ್ಮೀ ಫೋಟೋದ ಹಿಂದ ಪೆನ್‌ಡ್ರೈವ್ ಇಟ್ಟೀನಿ. ಶುಕ್ರವಾರಕ್ಕೊಮ್ಮೆ ಅದಕ್ಕೂ ಕುಂಕುಮ ಹಚ್ತೀನಿ."

ಗಲ್ಲಾ ಇರುವುದು ಕಂಪ್ಯೂಟರಿನಿಂದ ಎರಡು ಮೊಳ ದೂರದಲ್ಲಿ. ಕಳ್ಳ ಬಂದರೆ ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ. ಬೆಂಕಿಗೂ ಎರಡು ಮೊಳ ದೊಡ್ಡ ದೂರವಲ್ಲ. ಬ್ಯಾಡಗಿ ನಮಗೆ ಬಗಲಲ್ಲೇ ಇದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಬಿದ್ದು ರೈತರು ಸಿಟ್ಟಿಗೆದ್ದಾಗ ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ರೈತರ ಸಂಕಟ ಏನೆಂಬುದು ಬೇರೆ ಮಾತು, ದೊಡ್ಡ ಮಾತು. ಗುಮಾಸ್ತನ ಬುದ್ಧಿಗೆ ಹೊಳೆಯುವುದು ಮಾತ್ರ, ಆ ಕಟ್ಟಡದಲ್ಲಿದ್ದ ಲೆಕ್ಕದ ಇನ್ನೊಂದು ಪ್ರತಿ ಎಲ್ಲಿತ್ತು ಎಂಬುದು.

ಇದು ಹಳ್ಳಿಯವರ ದಡ್ಡತನ ಎಂದುಕೊಳ್ಳಬೇಡಿ. ದಕ್ಷಿಣ ಕೊರಿಯಾದಷ್ಟು ಗಣಕ ತಿಳಿದ ದೇಶದಲ್ಲಿ, 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕಡತ ಇಡುತ್ತಿದ್ದ ಜಿ-ಡ್ರೈವ್, ಅದರಲ್ಲಿದ್ದ 858 ಟೆರಾಬೈಟ್ ಸಮೇತ ಸುಟ್ಟುಹೋಯಿತು. ಅದಕ್ಕೆ ಹೊರಗಡೆ ಬ್ಯಾಕಪ್ಪೇ ಇರಲಿಲ್ಲ. ಕಾರಣ, ಪ್ರತಿ ತೆಗೆಯಲಾರದಷ್ಟು ಅದು ದೊಡ್ಡದಾಗಿತ್ತಂತೆ. ಕಾಕಾಗೆ ಇದು ಬಹಳ ಸಮಾಧಾನ ಕೊಟ್ಟಿತು. "ಅವ್ರ ಹತ್ರ ಪೆನ್‌ಡ್ರೈವೂ ಇರಲಿಲ್ಲ ಅನ್ನು!"

ಬೇಲಿಯ ಆಚೆ ಬಟ್ಟೆ ತೆಗೆಯುತ್ತಿದ್ದ ಚಿಗವ್ವ ಈಗ ಬಾಯಿ ಹಾಕಿದಳು. "ನಮ್ಮ ಮಾವನ ಕಾಲದಾಗ ಇದ್ಯಾವ ಕಿಟಿಕಿಟಿ ಇರಲಿಲ್ಲ. ಕೆಂಪ ಬಟ್ಟಿ ಸುತ್ತಿದ ಎರಡು ಬುಕ್ಕು. ಪಾಡ್ಯಾಕ್ಕ ಪೂಜಿ ಮಾಡಿ ಹೊಸಾವು ತಗೀತಿದ್ರು."

ಚಿಗವ್ವನಿಗೆ ಗೊತ್ತಿಲ್ಲದೆಯೇ ಆಕೆ ಸರಿಯಾದ ಜಾಗಕ್ಕೆ ಕೈ ಹಾಕಿದ್ದಳು. ಆ ಎರಡು ಬುಕ್ಕುಗಳಲ್ಲಿ ಒಂದು ಕಿರ್ದಿ, ಇನ್ನೊಂದು ಖತಾವಣಿ. ಕಿರ್ದಿಯಲ್ಲಿ ದಿನದ ವ್ಯವಹಾರ ನಡೆದ ಹಾಗೆ ನಡೆದ ಕ್ರಮದಲ್ಲಿ. ಖತಾವಣಿಯಲ್ಲಿ ಅದನ್ನೇ ಮನುಷ್ಯರ ಪ್ರಕಾರ ಒಡೆದು ಇನ್ನೊಮ್ಮೆ. ಒಂದೇ ವ್ಯವಹಾರಕ್ಕೆ ಎರಡು ಬರವಣಿಗೆ. ಖತಾವಣಿಗೆ ಗೆದ್ದಲು ಹತ್ತಿದರೆ ಕಿರ್ದಿ ಮುಂದಿಟ್ಟುಕೊಂಡು ದಿವಾಣಜಿ ಇಡೀ ಖತಾವಣಿಯನ್ನು ಮತ್ತೆ ಕಟ್ಟಬಲ್ಲವನಾಗಿದ್ದ. ಅದರ ಮೇಲೆ ಗಿರಾಕಿಯ ಮನೆಯಲ್ಲಿ ಒಂದು ಸಣ್ಣ ಉದ್ರಿ ಪುಸ್ತಕ, ಅದೂ ಅಂಗಡಿಯವನ ಕೈಬರಹದಲ್ಲೇ. ಅಂಗಡಿ ಸುಟ್ಟರೂ ಆ ಪುಸ್ತಕ ಇನ್ನೊಬ್ಬರ ಜಂತಿಯಲ್ಲಿ ಸುರಕ್ಷಿತ. ಯಾರೂ ಬ್ಯಾಕಪ್ ಎಂದು ಮಾಡಿದ್ದಲ್ಲ. ಲೆಕ್ಕ ಬರೆಯುವ ರೀತಿಯಲ್ಲೇ ಅದು ಸೇರಿಕೊಂಡಿತ್ತು.

ಟ್ಯಾಲಿ ಒಂದೇ ಎಂಟ್ರಿಯಲ್ಲಿ ಕಿರ್ದಿ, ಖತಾವಣಿ, ಜಮಾ-ಖರ್ಚು ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ. ದಿವಾಣಜಿಯ ಅರ್ಧ ದಿನ ಉಳಿಯಿತು. ಆದರೆ ಎರಡು ಪುಸ್ತಕ ಒಂದೇ ಡಿಸ್ಕಿನೊಳಗೆ ಹೋಗಿ ಕುಳಿತವು, ಗಿರಾಕಿಯ ಉದ್ರಿ ಪುಸ್ತಕವನ್ನು ನಾವೇ ಬಿಟ್ಟೆವು. ಬೇಗ ಆಗಲಿ ಎಂದು ಬಿಟ್ಟ ಆ ಎರಡನೆಯ ಬರವಣಿಗೆಯನ್ನೇ ಈಗ ಬ್ಯಾಕಪ್ ಎಂಬ ಹೆಸರಿನಲ್ಲಿ ಬೇರೆಯಾಗಿ ಮಾಡಬೇಕಾಗಿದೆ. ಬೇರೆ ಕೆಲಸವಾದ್ದರಿಂದ ಯಾರಿಗೂ ಹೊತ್ತಿಲ್ಲ.

"ಪುಸ್ತಕ ಯಾಕ ಬೇಕು, ನನಗ ಎಲ್ಲಾರ ಉದ್ರೀನೂ ನೆನಪೈತಿ" ಎಂದಳು ಚಿಗವ್ವ. ಇರಬಹುದು. ಸಾಲಗಾರನಿಗೂ ನೆನಪಿರುತ್ತದೆ, ಆದರೆ ಆ ನೆನಪಿನಲ್ಲಿ ಮೊತ್ತ ಯಾವಾಗಲೂ ಸ್ವಲ್ಪ ಸಣ್ಣದಾಗಿಯೇ ಇರುತ್ತದೆ.

ಸರ್ಕಾರ ಇಂಥ ನೆನಪನ್ನು ಒಪ್ಪುವುದಿಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಕಂಪ್ಯೂಟರಿನಲ್ಲಿ ಬರೆಯುವವರು ಅಪಘಾತವಾದರೂ ಮರಳಿ ಪಡೆಯುವಂತೆ ಬ್ಯಾಕಪ್ ಇಡಬೇಕೆಂದು 57ನೇ ನಿಯಮವೇ ಹೇಳುತ್ತದೆ. ಇನ್ನೊಂದು ತಮಾಷೆ ಇದೆ. 2011ರಿಂದ ಜಗತ್ತಿನಲ್ಲಿ ಬ್ಯಾಕಪ್ ದಿನ ಎಂದು ಒಂದು ದಿನ ಆಚರಿಸುತ್ತಾರೆ. ಯಾವತ್ತು? ಮಾರ್ಚ್ 31. ನಮ್ಮ ಲೆಕ್ಕದವರು ಊಟ ಬಿಟ್ಟು ಕೂರುವ ದಿನ. ಅವತ್ತು ಬ್ಯಾಕಪ್ ತೆಗೆ ಎಂದವನಿಗೆ ಕ್ಯಾಲ್ಕುಲೇಟರ್ ಎಸೆಯುತ್ತಾರೆ.

ಪೀಟರ್ ಕ್ರೋ ಎಂಬ ಅಮೆರಿಕದ ಫೋಟೋಗ್ರಾಫರ್ ಒಬ್ಬ 3-2-1 ಎಂದು ಸೂತ್ರ ಹೇಳಿಟ್ಟಿದ್ದಾನೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಕಾಕಾನ ಮಟ್ಟಿಗೆ ಇದರ ಅರ್ಥ, ಕಂಪ್ಯೂಟರು ಒಂದು, ಮನೆಗೆ ಒಯ್ಯುವ ಪೆನ್‌ಡ್ರೈವ್ ಒಂದು, ಗೂಗಲ್ ಡ್ರೈವ್ ಇನ್ನೊಂದು. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಈಗಾಗಲೇ ಅಕ್ಕನ ಮಗಳ ಮದುವೆಯ ವಿಡಿಯೋ ತುಂಬಿದೆ, ಅದಕ್ಕೇ ಅಂಗಡಿಗೆಂದು ಬೇರೆ ಖಾತೆ ತೆರೆಯುವುದು ಲೇಸು. ಅಲ್ಲಿಗೆ ಹಾಕಬೇಕಾದದ್ದು ಬ್ಯಾಕಪ್ ಫೈಲು. ಕೆಲಸ ನಡೆಯುತ್ತಿರುವ ಡೇಟಾ ಫೋಲ್ಡರನ್ನೇ ಹಾಕಿದರೆ ಅರ್ಧಮರ್ಧ ಪ್ರತಿಯಾಗಿ ಉಪಯೋಗಕ್ಕೆ ಬಾರದಂತಾಗಬಹುದು. ಪೆನ್‌ಡ್ರೈವನ್ನು ಹಗಲೂ ರಾತ್ರಿ ಕಂಪ್ಯೂಟರಿಗೇ ಚುಚ್ಚಿಡುವವರಿದ್ದಾರೆ. ಫೈಲುಗಳಿಗೆ ಬೀಗ ಹಾಕಿ ರೊಕ್ಕ ಕೇಳುವ ವೈರಸ್ ಬಂದರೆ ಅದಕ್ಕೂ ಬೀಗ ಬೀಳುತ್ತದೆ.

ಕಾಕಾ ಮರುದಿನ ಪೆನ್‌ಡ್ರೈವ್ ತಂದು ಬೇಲಿ ಮೇಲಿಂದ ಕೊಟ್ಟರು, ಕುಂಕುಮ ಸಮೇತ. ಅವರದು ಇನ್ನೂ ಟ್ಯಾಲಿಯ ಹಳೆಯ ಆವೃತ್ತಿ, ಇಆರ್‌ಪಿ 9. ಅದರ ಬ್ಯಾಕಪ್ ಫೈಲಿನ ಹೆಸರು ಯಾವಾಗಲೂ ಟಿಬಿಕೆ900.001. ಅದೇ ಜಾಗಕ್ಕೆ ಮತ್ತೆ ಬ್ಯಾಕಪ್ ತೆಗೆದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಎಷ್ಟೋ ವರ್ಷದಿಂದ ಕಾಕಾ ನೇಮದಿಂದ ಬ್ಯಾಕಪ್ ತೆಗೆದಿದ್ದಾರೆ, ಕೈಯಲ್ಲಿ ಇರುವುದು ಒಂದೇ. ಇವತ್ತು ಡೇಟಾ ಕೆಟ್ಟು, ಅದು ಗೊತ್ತಾಗದೆ ಸಂಜೆ ಬ್ಯಾಕಪ್ ತೆಗೆದರೆ, ನಿನ್ನೆಯ ಒಳ್ಳೆಯದೂ ಹೋಯಿತು. ಸೋಮವಾರ, ಮಂಗಳವಾರ ಎಂದು ವಾರಕ್ಕೆ ಏಳು ಫೋಲ್ಡರ್ ಮಾಡಿಕೊಟ್ಟೆ. ತಿಂಗಳ ಕೊನೆಯದನ್ನು ಬೇರೆ ಡ್ರೈವಿಗೆ ಹಾಕಿ ದಾವಣಗೆರೆಯ ಮಗಳ ಮನೆಯಲ್ಲಿಡಿ ಎಂದೆ. ಅಳಿಯನ ಮನೆಯಲ್ಲಿ ನಮ್ಮ ಲೆಕ್ಕವೇ ಎಂದು ಕಾಕಾ ತಕರಾರು ಎತ್ತಿದರು. ನನ್ನನ್ನು ಕೇಳಿದರೆ ಅದು ನ್ಯಾಯವಾದ ತಕರಾರೇ.

ಬ್ಯಾಕಪ್ ಇದೆ ಎನ್ನುವುದು ಬಿಚ್ಚಿ ನೋಡಿದ ಮೇಲಿನ ಮಾತು. ಖಾಲಿ ಫೋಲ್ಡರ್ ಒಂದನ್ನು ಮಾಡಿ ಅದರೊಳಗೆ ರಿಸ್ಟೋರ್ ಮಾಡಿದೆ. ಚಾಲ್ತಿ ಡೇಟಾ ಇರುವ ಫೋಲ್ಡರಿಗೇ ರಿಸ್ಟೋರ್ ಕೊಟ್ಟರೆ ಹಳೆಯದು ಹೊಸದನ್ನು ಅಳಿಸಿ ಕೂರುತ್ತದೆ, ಎಚ್ಚರ ಬೇಕು. ರಿಸ್ಟೋರೇನೋ ಆಯಿತು, ತೆರೆಯಲು ಹೋದರೆ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಕೇಳಿತು. ಅದು ಮರೆತರೆ ಬಿಚ್ಚಲು ಬರುವುದಿಲ್ಲ. ಅಂಗಡಿಯಲ್ಲಿ ಕಂಪ್ಯೂಟರನ್ನು ಯಾರೂ ಬಂದ್ ಮಾಡುವುದೇ ಇಲ್ಲ, ಕಂಪನಿ ತೆರೆದೇ ಇರುತ್ತದೆ, ಹಾಗಾಗಿ ಪಾಸ್‌ವರ್ಡ್ ಒಂದಿದೆ ಎಂಬುದೇ ಕಾಕಾಗೆ ಮರೆತುಹೋಗಿತ್ತು. ಹಾಕಿದವನು ಮೊದಲು ಪಾರ್ಟ್‌ಟೈಮ್ ಲೆಕ್ಕ ಬರೆಯಲು ಬರುತ್ತಿದ್ದ ಹುಡುಗ. ಈಗ ಮದುವೆಯಾಗಿ ಬೆಂಗಳೂರಿನಲ್ಲಿದ್ದಾನೆ.

ಕಾಕಾ ಅಲ್ಲೇ ಬೇಲಿಯ ಹತ್ತಿರ ನಿಂತು ಫೋನ್ ಹಚ್ಚಿ, ನನಗೂ ಕೇಳಲಿ ಎಂದು ಸ್ಪೀಕರ್ ಒತ್ತಿದರು. ಹುಡುಗ ಮೊದಲು ನೆನಪಿಲ್ಲ ಎಂದ. ಆಮೇಲೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಎಂದ. "ಬಾಯಾಗ ಹೇಳಲೇ, ನನಗ ಓದಾಕ ಚಾಳೀಸ ಇಲ್ಲ" ಎಂದು ಕಾಕಾ ಗದರಿದರು. ಹುಡುಗ ಮೆಲ್ಲಗೆ ಒಂದು ಹೆಣ್ಣುಮಗಳ ಹೆಸರು ಹೇಳಿ, ಅದರ ಮುಂದೆ 143 ಎಂದ. ನಾನು ಬರೆದುಕೊಂಡೆ. ಒತ್ತಿ ನೋಡಿದರೆ ಹದಿನಾಲ್ಕೂ ಬಸಪ್ಪಗಳು ಬಾಕಿ ಸಮೇತ ಎದ್ದು ನಿಂತರು.

ಚಿಗವ್ವ ಬಟ್ಟೆಯ ಬುಟ್ಟಿಯನ್ನು ಕೆಳಗಿಟ್ಟಳು.

"ಅಲ್ಲ, ಅವನ ಹೇಣ್ತಿ ಹೆಸರು ಬ್ಯಾರೆ ಐತಲ್ಲ? ಇದು ನಮ್ಮ ಹಿಂದಿನ ಓಣಿ ಹುಡುಗೀದಲ್ಲೇನು?"

ಮುಂದಿನ ಮಾತು ಲೆಕ್ಕಕ್ಕೆ ಸಂಬಂಧಪಟ್ಟದ್ದಲ್ಲ. ರಾತ್ರಿ ಊಟದ ಹೊತ್ತಿನವರೆಗೂ ನಡೆಯಿತು.