ನೋಟಿಸ್ ಪಿರಿಯಡ್ ಸಾಹುಕಾರ

ವಿಜಯಪುರದಲ್ಲಿ ಇವನನ್ನು ಗುರುತಿಸುವುದು ಸುಲಭ. ಶನಿವಾರ ಬೆಳಿಗ್ಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಿಂದ ಇಳಿಯುತ್ತಾನೆ. ಕೊರಳಲ್ಲಿ ಬಿಡಲಿರುವ ಕಂಪನಿಯ ಐಡಿ ಕಾರ್ಡು, ಮೊಬೈಲಿನಲ್ಲಿ ಇನ್ನೂ ಸೇರದ ಕಂಪನಿಯ ಆಫರ್ ಲೆಟರ್. ಸೀದಾ ಬ್ಯಾಂಕಿಗೆ ಹೋದರೆ ಶಟರ್ ಇಳಿದಿರುತ್ತದೆ. ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ 2015ರಿಂದಲೇ ಇದೆ. ಆದರೆ ಪಗಾರ ತಾನಾಗಿ ಖಾತೆಗೆ ಬಂದು ಬೀಳುವವನಿಗೆ ಬ್ಯಾಂಕಿಗೊಂದು ಬಾಗಿಲಿರುವುದೇ ಮರೆತುಹೋಗಿರುತ್ತದೆ.

ಇವನ ಊರು ತಿಕೋಟಾ ಕಡೆ. ಅಪ್ಪನದು ದ್ರಾಕ್ಷಿ ತೋಟ. ಮನೆ ಮಾತ್ರ ಪಟ್ಟಣದಲ್ಲೇ ಆಗಬೇಕು, ಸೋಲಾಪುರ ರಸ್ತೆಯ ಆಸುಪಾಸು, ಎನ್.ಎ. ಆದ ಪ್ಲಾಟಿನಲ್ಲಿ, ಡುಪ್ಲೆಕ್ಸ್. ಸಾಲ ಅರವತ್ತು ಲಕ್ಷ. ಹಳೆಯ ಪಗಾರಕ್ಕೆ ಅಷ್ಟು ಸಿಗಲಿಕ್ಕಿಲ್ಲ ಎಂದು ಲೆಕ್ಕ ಹಾಕಿ, ದೊಡ್ಡ ಪಗಾರದ ನೌಕರಿ ಹುಡುಕಿ, ಮೊದಲು ರಾಜೀನಾಮೆ ಕೊಟ್ಟು ಆಮೇಲೆ ಸಾಲ ಕೇಳಲು ಬಂದಿದ್ದಾನೆ. ಸಿಬಿಲ್ ಸ್ಕೋರ್ 790 ಎಂದು ಓಣಿಯವರಿಗೆಲ್ಲ ಹೇಳಿಯಾಗಿದೆ. ಅವ್ವ "ಎಷ್ಟಕ್ಕೋ ತಮ್ಮಾ?" ಎಂದು ಕೇಳಿದ್ದಾಳೆ. 900ಕ್ಕೆ ಎಂದಾಗ, "ಪಿಯುಸಿಗಿಂತ ಭೇಷ್ ಬಿದ್ದಾವ" ಎಂದು ಸಮಾಧಾನಪಟ್ಟಿದ್ದಾಳೆ.

ಸೋಮವಾರ ಸಾಲದ ಸಾಹೇಬರ ಮುಂದೆ ಫೈಲು ಬಿಚ್ಚುತ್ತಾನೆ. ಪಗಾರ ಚೀಟಿ ಮೂರು ತಿಂಗಳದ್ದು, ಖಾತೆಯ ಸ್ಟೇಟ್‌ಮೆಂಟ್ ಆರು ತಿಂಗಳದ್ದು, ಫಾರ್ಮ್ 16 ಎರಡು ವರ್ಷದ್ದು. ಸಾಹೇಬರ ಮುಖ ಅರಳುತ್ತದೆ, ಚಹಾ ತರಲು ಹೇಳುತ್ತಾರೆ. ಆಗ ಇವನು ತಡೆಯಲಾರದೆ ಆಫರ್ ಲೆಟರ್ ತೆಗೆಯುತ್ತಾನೆ.

"ರಾಜೀನಾಮೆ ಕೊಟ್ಟೀರೇನು?"

"ಹೌದ್ರಿ ಸರ್. 90 ದಿನದ ನೋಟಿಸ್ ನಡದೈತಿ."

"ಹಂಗಾದ್ರ ಈ ಪಗಾರ ಹೋಗೂ ಪಗಾರ."

"ಬರೂದು ಇದಕ್ಕಿಂತ ಜಾಸ್ತಿ ಐತ್ರಿ!"

"ಜಾಸ್ತಿ ಐತಿ. ಬಂದಿಲ್ಲ."

"ಬರ್ತೈತ್ರಿ."

"ಬರ್ಲಿ. ಅದು ಬಂದ ಮ್ಯಾಲ ನೀವೂ ಬರ್ರಿ."

ಅಷ್ಟರಲ್ಲಿ ಚಹಾ ಬಂದಿರುತ್ತದೆ. ಕುಡಿಯದೆ ಏಳುವ ಪದ್ಧತಿ ನಮ್ಮಲ್ಲಿಲ್ಲ. ಕುಡಿಯುತ್ತಲೇ ಇವನು ಎರಡೂ ಕಂಪನಿಗೆ ಫೋನ್ ಮಾಡಿ ವಿಚಾರಿಸಿ ಎಂದು ಗಂಟು ಬೀಳುತ್ತಾನೆ. ವಿಚಾರಿಸಿದರೆ ಹಳೆಯವರು "ಇದ್ದಾರೆ, ಇದೇ ಮೂವತ್ತನೇ ತಾರೀಖಿನವರೆಗೆ" ಎನ್ನುತ್ತಾರೆ. ಹೊಸಬರು "ಬರುತ್ತೇನೆ ಎಂದಿದ್ದಾರೆ" ಎನ್ನುತ್ತಾರೆ.

ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿರುತ್ತಾನೆ. ವರ್ಷಾವರ್ಷ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸಿ ಎಪಿಎಂಸಿಯಲ್ಲಿ ಮಾರಿದವನು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್ಸ್ ತುಂಬಿಲ್ಲ, ಆದ್ದರಿಂದ ಈ ಟೇಬಲ್ಲಿನ ಲೆಕ್ಕದಲ್ಲಿ ಅವನು ಗಳಿಸಿಯೇ ಇಲ್ಲ. ಕೈಯಲ್ಲಿದ್ದ ತೋಟದ ಉತಾರವನ್ನು ಮೆಲ್ಲಗೆ ಮಡಚಿ ಅಪ್ಪ ಹೇಳುತ್ತಾನೆ: "ಸಾಹೇಬ್ರ, ನನಗ ರೊಕ್ಕ ಐತಿ, ಕಾಗದ ಇಲ್ಲ. ಇವಗ ಕಾಗದ ಐತಿ, ರೊಕ್ಕ ಇನ್ನಾ ಬಂದಿಲ್ಲ. ಇಬ್ಬರನೂ ಕೂಡ್ಸಿ ಒಬ್ಬ ಮನಷ್ಯಾ ಅಂತ ಹಿಡೀರಿ."

ಬ್ಯಾಂಕಿನ ಫಾರ್ಮಿನಲ್ಲಿ ಅಂಥ ಮನುಷ್ಯನಿಗೆ ಜಾಗವಿಲ್ಲ.

ಆಫರ್ ಲೆಟರನ್ನು ಅಪ್ಪ ಸರಿಯಾಗಿ ಓದುವುದು ಅಲ್ಲಿಯೇ. ಮಗ ಹೇಳಿದ ಮೊತ್ತದಲ್ಲಿ ಕಂಪನಿ ಕಟ್ಟುವ ಪಿಎಫ್ ಸೇರಿದೆ, ಗ್ರಾಚ್ಯುಟಿ ಸೇರಿದೆ, ವಿಮೆ ಸೇರಿದೆ. ಕೊನೆಗೆ ವೇರಿಯಬಲ್ ಎಂದೊಂದು ಸಾಲು. ಕಂಪನಿಗೆ ಲಾಭವಾದರೆ, ಇವನ ಕೆಲಸ ಮೇಲಿನವರಿಗೆ ಒಪ್ಪಿಗೆಯಾದರೆ ಸಿಗುವಂಥದು ಎಂದು ಮಗ ವಿವರಿಸುತ್ತಾನೆ. "ಅಂದ್ರ, ಮಳಿ ಬಂದ್ರ," ಎಂದು ಅಪ್ಪ ಕಾಗದ ವಾಪಸ್ ಕೊಡುತ್ತಾನೆ.

ನನ್ನನ್ನು ಕೇಳಿದರೆ ನಾನು ಬ್ಯಾಂಕಿನ ಕಡೆ. ದೊಡ್ಡ ಕಂಪನಿಯ ಆಫರ್ ಲೆಟರ್ ನೋಡಿ ಸಾಲ ಒಪ್ಪುವವರೂ ಇದ್ದಾರೆ, ನಿಜ. ಹಣ ಬಿಡುವುದು ಮಾತ್ರ ಸಾಮಾನ್ಯವಾಗಿ ಕೆಲಸಕ್ಕೆ ಸೇರಿದ ಮೇಲೆಯೇ. ಇವನು ಕೇಳಿದ್ದರ ಅರ್ಧ, ಮೂವತ್ತು ಲಕ್ಷವನ್ನೇ ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 26,000 ರೂಪಾಯಿ, ಕಟ್ಟಿ ಮುಗಿಯುವಾಗ ಒಟ್ಟು 62 ಲಕ್ಷ ದಾಟಿರುತ್ತದೆ. ಒಂದು ಕುರ್ಚಿಯಲ್ಲಿ ಎರಡು ವರ್ಷ ಕೂರದವನು ಇಪ್ಪತ್ತು ವರ್ಷದ ಮಾತು ಕೊಡುತ್ತೇನೆಂದರೆ ಎದುರಿಗಿದ್ದವರು ಚಹಾದ ಮೇಲೆ ಇನ್ನೇನು ಕೊಡಬೇಕು?

ವಾಪಸ್ಸು ಬರುವಾಗ ದಾರಿಯಲ್ಲಿ ಬಾರಾಕಮಾನ್. ಎರಡನೇ ಅಲಿ ಆದಿಲ್‌ಶಾಹ ತನ್ನ ಗೋರಿಗೆಂದು ಕಟ್ಟಿಸಲು ಶುರುಮಾಡಿದ್ದು. 1672ರಲ್ಲಿ ಅವನು ತೀರಿಕೊಂಡ, ಕಮಾನುಗಳು ಚಾವಣಿಯಿಲ್ಲದೆ ನಿಂತವು. ಅಪ್ಪ ಗಾಡಿಯಿಂದಲೇ ಬೆರಳು ಮಾಡುತ್ತಾನೆ: "ನೋಡು, ಇದೂ ಸ್ಲ್ಯಾಬಿನ ಕಂತು ಬರೂದ್ರಾಗ ನಿಂತೈತಿ."

ಕೊನೆಗೆ ದಾರಿ ತೋರಿಸುವವಳು ಹೆಂಡತಿ. ಬಬಲೇಶ್ವರದ ಸರ್ಕಾರಿ ಶಾಲೆಯಲ್ಲಿ ಟೀಚರ್. ಅವಳ ಪಗಾರವನ್ನು ಇವನು ಈವರೆಗೆ "ಕಿರಾಣಿ ಖರ್ಚಿಗೆ ಆಗ್ತೈತಿ" ಎನ್ನುತ್ತಿದ್ದ. ಅದರ ಚೀಟಿ ಕಂಡದ್ದೇ ಸಾಹೇಬರು ಎದ್ದು, "ಬರ್ರಿ ಅಕ್ಕೋರ, ಕುಂದರ್ರಿ" ಎಂದು ಫ್ಯಾನಿನ ಕೆಳಗಿನ ಕುರ್ಚಿ ಸರಿಸುತ್ತಾರೆ. ಅರವತ್ತು ಮೂವತ್ತಾಗುತ್ತದೆ, ಡುಪ್ಲೆಕ್ಸಿನ ಮೇಲಿನ ಅರ್ಧ ಹಾರಿಹೋಗುತ್ತದೆ. ಮೂವತ್ತು ಲಕ್ಷದವರೆಗಿನ ಸಾಲವಾದರೆ ಮನೆಯ ಬೆಲೆಯ ಶೇ. 90ರವರೆಗೆ ಬ್ಯಾಂಕು ಕೊಡಬಹುದು. ಉಳಿದದ್ದೂ, ಸ್ಟ್ಯಾಂಪು ನೋಂದಣಿಯ ಖರ್ಚೂ ಕೈಯಿಂದ. ಆ ದುಡ್ಡು ಎಲ್ಲಿಂದ ಎಂದು ಸಾಹೇಬರು ಕೇಳಿದಾಗ ಎಲ್ಲರೂ ಅಪ್ಪನ ಕಡೆ ನೋಡುತ್ತಾರೆ. ಗಳಿಕೆಯೇ ಇಲ್ಲದ ಮನುಷ್ಯನ ಒಣದ್ರಾಕ್ಷಿಯ ರೊಕ್ಕ ಈಗ ಬ್ಯಾಂಕಿಗೆ ಧಾರಾಳವಾಗಿ ನಡೆಯುತ್ತದೆ.

ಫಾರ್ಮಿನಲ್ಲಿ ಇವನದು ಸಹ-ಅರ್ಜಿದಾರನ ಕಾಲಂ. ಉದ್ಯೋಗ ಎಂಬಲ್ಲಿ ಯಾವ ಕಂಪನಿ ಬರೆಯಲಿ ಎಂದು ಪೆನ್ನು ಎತ್ತಿ ಹಿಡಿದಿರುವಾಗಲೇ ಜೇಬಿನಲ್ಲಿ ಮೊಬೈಲ್ ಗುಂಯ್‌ಗುಟ್ಟುತ್ತದೆ. ಮೂರನೇ ಕಂಪನಿ. ಇನ್ನೂ ಶೇ. 20 ಜಾಸ್ತಿ ಕೊಡುತ್ತದಂತೆ.

ಹೆಂಡತಿ ಫಾರ್ಮಿನಿಂದ ತಲೆ ಎತ್ತದೆ ಹೇಳುತ್ತಾಳೆ: "ರೀ, ರಜಿಸ್ಟ್ರೇಶನ್ ಆಗೂತನಕ ಅದನ್ನ ಎತ್ತಬ್ಯಾಡ್ರಿ."